ಕಚ್ಚುವುದೆಷ್ಟು, ಸುತ್ತುವುದೆಷ್ಟು

ನೀನು ಕಳಿಸಿದ ಫೋಟೊ ನೋಡಿದೆ ಮರಿ. ಆರು ಮಿ.ಮೀ. ಸ್ಲಾಟಿಗೆ ಆರು ಮಿ.ಮೀ. ಎಂಡ್‌ಮಿಲ್ ಇಳಿಸಿದ್ದೀಯ. ಮುರಿದ ತುದಿ ಸ್ಲಾಟಿನಲ್ಲೇ ಕೂತಿದೆ, ಫ್ಲೂಟ್ ಕಾಣದಷ್ಟು ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ಕೆಳಗೆ ನಿನ್ನ ಪ್ರಶ್ನೆ: 'ಟ್ರೊಕಾಯ್ಡಲ್ ಹಾಕಿದರೆ ಸರಿಹೋಗುತ್ತಾ ದೊಡ್ಡಪ್ಪ? ಎರಡು ಪಟ್ಟು ಫಾಸ್ಟ್ ಆಗುತ್ತಂತೆ?' ಸರಿಹೋಗುತ್ತೆ, ಅದರಲ್ಲಿ ಅನುಮಾನವಿಲ್ಲ. ಫಾಸ್ಟ್ ಆಗುತ್ತೆ ಅನ್ನೋದು ಮಾತ್ರ ದೊಡ್ಡ ಮಷೀನಿನವರ ಮಾತು. ನಿನ್ನ ಮನೆಯ ಸಿಎನ್‌ಸಿ ಮಷೀನಿನಲ್ಲಿ ಅದರ ಲಾಭ ಬೇರೆ ಕಡೆ ಇದೆ. ಅದನ್ನು ತಿಳಿಯದೆ ಮೆನುವಿನಲ್ಲಿ ಟಿಕ್ ಹಾಕಿ ಕೂತರೆ, ಕಟರ್ ಮುರಿಯುವ ಬದಲು ಸವೆದು ಸಾಯುತ್ತೆ, ಅಷ್ಟೇ ವ್ಯತ್ಯಾಸ.

ಮೊದಲು ಆ ಸ್ಲಾಟಿನೊಳಗೆ ಏನಾಯ್ತು ನೋಡು. ಕಟರ್‌ನಷ್ಟೇ ಅಗಲದ ಸ್ಲಾಟ್ ಹೊಡೆಯುವಾಗ ಕಟರ್‌ನ ಮುಂದಿನ ಅರ್ಧ ಪೂರ್ತಿ ಲೋಹದೊಳಗೆ ಇರುತ್ತದೆ. ಅಂದರೆ 180 ಡಿಗ್ರಿ ಕಚ್ಚು. ಪ್ರತಿ ಹಲ್ಲೂ ಒಂದು ಸುತ್ತಿನಲ್ಲಿ ಅರ್ಧ ಹೊತ್ತು ಉಜ್ಜಾಟದಲ್ಲೇ ಕಳೆಯುತ್ತೆ, ತಣಿಯಲು ಉಳಿಯುವುದು ಇನ್ನರ್ಧ ಮಾತ್ರ. ಒಂದು ಗೋಡೆಯಲ್ಲಿ ಕ್ಲೈಂಬ್ ಕಟಿಂಗ್ ಆದರೆ ಎದುರು ಗೋಡೆಯಲ್ಲಿ ಕನ್ವೆನ್ಷನಲ್, ಹಾಗಾಗಿ ಎರಡು ಗೋಡೆಯ ಫಿನಿಶ್ ಎಂದೂ ಒಂದೇ ಥರ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಚಿಪ್ಸ್. ಹೊರಗೆ ಹೋಗಲು ದಾರಿಯೇ ಇಲ್ಲದೆ ಕಟರ್‌ನ ಹಿಂದೆಯೇ ತುಂಬಿಕೊಂಡು ಮತ್ತೆ ಮತ್ತೆ ಹಲ್ಲಿಗೆ ಸಿಗುತ್ತವೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಆದರೆ ಹಲ್ಲಿಗೆ ಮೆತ್ತಿಕೊಳ್ಳಲು ಅದು ಕರಗಬೇಕಾಗಿಯೇ ಇಲ್ಲ, ಬಿಸಿಯೂ ಒತ್ತಡವೂ ಸೇರಿದರೆ ಸಾಕು. ಒಮ್ಮೆ ಮೆತ್ತಿಕೊಂಡಿತೋ, ಹಲ್ಲು ಕತ್ತರಿಸುವುದನ್ನು ಬಿಟ್ಟು ಒತ್ತಲು ಶುರುಮಾಡುತ್ತದೆ. ಆಮೇಲೆ ಮುರಿಯುವುದಕ್ಕೆ ಒಂದೆರಡು ಸೆಕೆಂಡು.

ಟ್ರೊಕಾಯ್ಡಲ್ ದಾರಿಯಲ್ಲಿ ಸ್ಲಾಟಿಗಿಂತ ಸಣ್ಣ ಕಟರ್ ಹಾಕುತ್ತೀಯ. ಅದು ಸಣ್ಣ ಸಣ್ಣ ಸುತ್ತು ಹಾಕುತ್ತಾ, ಒಂದೊಂದು ಸುತ್ತಿಗೂ ಒಂದಿಷ್ಟೇ ಮುಂದೆ ಸರಿಯುತ್ತೆ. ಮುಂದಿನ ಅರ್ಧ ಸುತ್ತಿನಲ್ಲಿ ತೆಳುವಾದ ಒಂದು ಬಿಲ್ಲೆ ಹೆರೆದು, ಹಿಂದಿನ ಅರ್ಧದಲ್ಲಿ ಖಾಲಿ ಗಾಳಿಯಲ್ಲಿ ವಾಪಸು ಬರುತ್ತೆ. ನಿನ್ನ ಅಜ್ಜಿ ತುರಿಮಣೆಯಲ್ಲಿ ಕಾಯಿ ತುರಿಯುವುದನ್ನು ನೋಡಿದ್ದೀಯಲ್ಲ, ಹೋಳನ್ನು ತಿರುಗಿಸುತ್ತಾ ತೆಳ್ಳಗೆ ಹೆರೆಯುತ್ತಾರೆಯೇ ಹೊರತು ಹೋಳನ್ನು ಹಲ್ಲಿಗೆ ಒತ್ತಿ ನಿಲ್ಲಿಸುವುದಿಲ್ಲ. ಇಲ್ಲಿಯೂ ಅಷ್ಟೆ. ಆ ಗಾಳಿಯ ಅರ್ಧ ಸುತ್ತು ದಂಡವಲ್ಲ. ಹಲ್ಲು ತಣಿಯುವುದು ಆಗ, ಚಿಪ್ಸ್ ಹಾರಿಹೋಗುವುದೂ ಆಗ.

ಈಗ ಅಂಕಿಗೆ ಬರೋಣ. ನೀನು ಇಂಜಿನಿಯರಿಂಗ್ ಓದಿದವನು, ಅಂಕಿ ಇಲ್ಲದೆ ನಂಬುವುದಿಲ್ಲ ಅಂತ ಗೊತ್ತು. ನೇರ ಗೋಡೆಯ ಪಕ್ಕ ಹೋಗುವಾಗ ಕಟರ್ ವ್ಯಾಸದ ಅರ್ಧದಷ್ಟು ಸ್ಟೆಪ್‌ಓವರ್ (ಪಕ್ಕಕ್ಕೆ ಕಚ್ಚುವ ಅಗಲ) ಕೊಟ್ಟರೆ ಕಚ್ಚಿನ ಕೋನ 90 ಡಿಗ್ರಿ. ಕಾಲು ಭಾಗ ಕೊಟ್ಟರೆ 60. ಶೇಕಡಾ 10 ಕೊಟ್ಟರೆ 37, ಶೇಕಡಾ 5 ಕೊಟ್ಟರೆ 26. ಸ್ಟೆಪ್‌ಓವರ್ ಇಳಿದಷ್ಟೇ ವೇಗವಾಗಿ ಕೋನ ಇಳಿಯುವುದಿಲ್ಲ, ಗಮನಿಸು. ಆದರೂ 180ಕ್ಕೂ 37ಕ್ಕೂ ಇರುವ ಅಂತರ ನೋಡು. 37 ಡಿಗ್ರಿಯಲ್ಲಿ ಹಲ್ಲು ಲೋಹದೊಳಗೆ ಇರುವುದು ಒಂದು ಸುತ್ತಿನ ಹತ್ತನೇ ಒಂದು ಭಾಗ ಮಾತ್ರ. ಕಠಿಣ ಸ್ಟೀಲನ್ನೂ ಟೈಟಾನಿಯಂ ಅನ್ನೂ ಕೊರೆಯುವವರು ಈ ವಿಧಾನ ಹಿಡಿದದ್ದು ಈ ಕಾರಣಕ್ಕೇ. ಹಲ್ಲಿಗೆ ಬಿಸಿ ಏರಲು ಸಮಯವೇ ಸಿಗದು, ಹಾಗಾಗಿ ಆರ್‌ಪಿಎಂ ಏರಿಸಬಹುದು, ಫ್ಲೂಟಿನ ಪೂರ್ತಿ ಉದ್ದ ಇಳಿಸಬಹುದು.

ಇದರ ಜೊತೆಗೇ ಬರುವ ಇನ್ನೊಂದು ಸಂಗತಿ ಚಿಪ್ ತೆಳುವಾಗುವುದು. ಒಂದು ಹಲ್ಲಿಗೆ 0.025 ಮಿ.ಮೀ. ಅಂತ ನೀನು ಫೀಡ್ ಕೊಟ್ಟಿದ್ದೀಯ ಅನ್ನು. ಕಚ್ಚು 90 ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಇದ್ದರೆ ಚಿಪ್ಪಿನ ಅತಿ ದಪ್ಪದ ಜಾಗ ಅಷ್ಟೇ 0.025 ಇರುತ್ತೆ. ಶೇಕಡಾ 10 ಸ್ಟೆಪ್‌ಓವರ್‌ನಲ್ಲಿ ಅದು 0.6 ಪಾಲಿಗೆ ಇಳಿದು 0.015 ಆಗುತ್ತೆ. ಹಳೇ ದಪ್ಪ ಬೇಕೆಂದರೆ ಫೀಡನ್ನು 1.67 ಪಟ್ಟು ಏರಿಸಬೇಕು. 15,000 ಆರ್‌ಪಿಎಂ, ಒಂದೇ ಹಲ್ಲಿನ ಕಟರ್ ಅಂದರೆ 375 ಮಿ.ಮೀ. ಇದ್ದ ಫೀಡ್ ನಿಮಿಷಕ್ಕೆ 625 ಆಗಬೇಕು. ಹಾಗೆ ಏರಿಸದಿದ್ದರೆ ಹಲ್ಲು ಕತ್ತರಿಸದೆ ಉಜ್ಜುತ್ತೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಮತ್ತೆ ಅದೇ ಮೆತ್ತಿಕೊಳ್ಳುವ ರೋಗ. 'ಮೆಲ್ಲಗೆ ಓಡಿಸಿದರೆ ಕಟರ್ ಉಳಿಯುತ್ತೆ' ಅನ್ನುವ ಭಾವನೆ ಹೊಸಬರಿಗೆಲ್ಲ ಇರುತ್ತೆ. ಈ ಕೆಲಸದಲ್ಲಿ ಮೆಲ್ಲಗೆ ಹೋಗುವುದೇ ಕಟರ್‌ನ ಕೊಲೆ.

ಇಲ್ಲಿಯವರೆಗಿನದು ಯಾವ ಚಾರ್ಟಿನಲ್ಲಾದರೂ ಸಿಗುತ್ತೆ. ಚಾರ್ಟಿನಲ್ಲಿ ಸಿಗದ ಎರಡು ವಿಷಯ ಹೇಳುತ್ತೇನೆ, ಇವಕ್ಕೋಸ್ಕರವೇ ನಾನು ಇಷ್ಟುದ್ದ ಬರೆಯುತ್ತಿರುವುದು.

ಒಂದನೆಯದು. ಆ 37 ಡಿಗ್ರಿ ಲೆಕ್ಕ ನೇರ ಗೋಡೆಗೆ ಹಾಕಿದ್ದು. ನಿನ್ನ ಸ್ಲಾಟಿನಲ್ಲಿ ಕಟರ್ ಸುತ್ತುವುದು ಒಂದು ಗುಂಡನೆಯ ಗುಂಡಿಯೊಳಗೆ. 6 ಮಿ.ಮೀ. ಸ್ಲಾಟ್, 4 ಮಿ.ಮೀ. ಕಟರ್ ತಗೋ. ಕಟರ್‌ನ ಮಧ್ಯಬಿಂದು ಸುತ್ತುವ ವೃತ್ತದ ತ್ರಿಜ್ಯ ಬರೀ 1 ಮಿ.ಮೀ. ಒಳಬಾಗಿದ ಗೋಡೆ ಕಟರನ್ನು ಹೆಚ್ಚು ತಬ್ಬಿಕೊಳ್ಳುತ್ತೆ. ಒಂದು ಸುತ್ತಿಗೆ 0.4 ಮಿ.ಮೀ. ಮುಂದೆ ಸರಿಸಿದರೆ, ಸ್ಲಾಟಿನ ಮೂತಿಯಲ್ಲಿ ಕಚ್ಚಿನ ಕೋನ 37 ಅಲ್ಲ, 57 ಡಿಗ್ರಿ. ನೇರ ಗೋಡೆಯ ಲೆಕ್ಕದಲ್ಲಿ ಅದು ಶೇಕಡಾ 10ರ ಕಚ್ಚಲ್ಲ, 23ರ ಕಚ್ಚು! ನಂಬಿಕೆ ಬಾರದಿದ್ದರೆ ಕಾಗದದ ಮೇಲೆ ಮೂರು ವೃತ್ತ ಬರೆದು ನೋಡು: ಹಿಂದಿನ ಸುತ್ತು ಬಿಟ್ಟುಹೋದ 3 ಮಿ.ಮೀ. ತ್ರಿಜ್ಯದ ಗೋಡೆ, 0.4 ಮುಂದೆ ಅಂಥದ್ದೇ ಇನ್ನೊಂದು, ಅದಕ್ಕೆ ಒಳಗಿನಿಂದ ತಾಗಿ ನಿಂತ 2 ಮಿ.ಮೀ. ತ್ರಿಜ್ಯದ ಕಟರ್. ಹತ್ತು ಪಟ್ಟು ದೊಡ್ಡದಾಗಿ ಬರೆದರೆ ಕಣ್ಣಿಗೇ ಕಾಣುತ್ತೆ. ನಿಜವಾಗಿ 37 ಡಿಗ್ರಿ ಬೇಕೆಂದರೆ ಒಂದು ಸುತ್ತಿಗೆ ಸರಿಯಬೇಕಾದ್ದು 0.15 ಮಿ.ಮೀ. ಮಾತ್ರ.

ಇದರಿಂದ ಫೀಡಿನ ಲೆಕ್ಕವೂ ಬದಲಾಗುತ್ತೆ. 57 ಡಿಗ್ರಿಯಲ್ಲಿ ಚಿಪ್ ತೆಳುವಾಗುವುದು 0.84 ಪಾಲಿಗೆ ಅಷ್ಟೆ. ಅಲ್ಲಿ ಚಾರ್ಟು ನೋಡಿ 625 ಕೊಟ್ಟರೆ ಚಿಪ್ಪು ನೀನು ಅಂದುಕೊಂಡದ್ದಕ್ಕಿಂತ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತೆ. 'ಪುಸ್ತಕದ ಪ್ರಕಾರವೇ ಕೊಟ್ಟೆ, ಆದರೂ ಮುರೀತು' ಅನ್ನುವವರ ಗೋಳು ಎಷ್ಟೋ ಸಲ ಇಷ್ಟರಲ್ಲೇ ಇರುತ್ತೆ. 0.4 ಸರಿಸುವುದಾದರೆ 450ಕ್ಕೆ ಇಳಿಸು. 0.15 ಸರಿಸುವುದಾದರೆ 625 ಸರಿ.

ಎರಡನೆಯದು ಇನ್ನೂ ಮುಖ್ಯ. ನೀನು ಟೈಪ್ ಮಾಡಿದ ಫೀಡ್ ಬೇರೆ, ಮಷೀನು ಓಡುವ ಫೀಡ್ ಬೇರೆ. ಪೀಣ್ಯದ ಒಂದು ಶೆಡ್ಡಿನಲ್ಲಿ ನಿಂತ ವಿಎಂಸಿಗೆ ಹಲವು ಟನ್ ಕಬ್ಬಿಣದ ಮೈ, ದೊಡ್ಡ ಸರ್ವೊ ಮೋಟರು, ಬಹಳ ಮುಂದಿನ ಸಾಲುಗಳನ್ನು ಓದಿಕೊಂಡು ಓಡುವ ಕಂಟ್ರೋಲರು. ನಿನ್ನದು ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ನಿನ ಚೌಕಟ್ಟು, ಸ್ಟೆಪ್ಪರ್ ಮೋಟರು, ಕಂಟ್ರೋಲರಾಗಿ ಅರ್ಡುಯಿನೊ ಮೇಲೆ ಓಡುವ ಜಿಆರ್‌ಬಿಎಲ್. ವೃತ್ತದಲ್ಲಿ ಓಡುವ ಯಾವುದೇ ವಸ್ತು ಪ್ರತಿಕ್ಷಣ ದಿಕ್ಕು ಬದಲಿಸುತ್ತಿರುತ್ತೆ, ಅದಕ್ಕೆ ಆಕ್ಸಿಲರೇಷನ್ ಬೇಕು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಎಷ್ಟು ಬೇಕು ಅನ್ನುವುದು ಬರುತ್ತೆ. ಇದು ಪಿಯುಸಿಯಲ್ಲೇ ಓದಿದ್ದೀಯ. ತ್ರಿಜ್ಯ 1 ಮಿ.ಮೀ., ಮಷೀನಿನ ಆಕ್ಸಿಲರೇಷನ್ ಸೆಕೆಂಡಿನ ವರ್ಗಕ್ಕೆ 100 ಮಿ.ಮೀ. ಇದ್ದರೆ ಆ ಸುತ್ತಿನಲ್ಲಿ ಸಿಗುವ ವೇಗ ಸೆಕೆಂಡಿಗೆ 10 ಮಿ.ಮೀ., ಅಂದರೆ ನಿಮಿಷಕ್ಕೆ 600. ಪರವಾಗಿಲ್ಲ, 625ರ ಹತ್ತಿರ ಬಂತು. ಆದರೆ ಜಿಆರ್‌ಬಿಎಲ್‌ನ ಮೂಲ ಸೆಟ್ಟಿಂಗಿನಲ್ಲಿ ಆಕ್ಸಿಲರೇಷನ್ ಬರೀ 10. ಅದನ್ನು ಯಾರೂ ಮುಟ್ಟದೆ ಬಿಟ್ಟಿದ್ದರೆ ಇದೇ ಲೆಕ್ಕದಲ್ಲಿ 190 ಬರುತ್ತೆ. ಕಂಟ್ರೋಲರು ಮೂಲೆಗಳಲ್ಲಿ ಕೊಡುವ ಸಡಿಲದಿಂದ ಇದಕ್ಕಿಂತ ಸ್ವಲ್ಪ ಹೆಚ್ಚು ಓಡಬಹುದು. ಹಾಗಂತ 625 ಬಂತು ಎಂದುಕೊಳ್ಳಬೇಡ. 15,000 ಆರ್‌ಪಿಎಂನಲ್ಲಿ 190 ಅಂದರೆ ಒಂದು ಸುತ್ತಿಗೆ 0.013 ಮಿ.ಮೀ. ಫೀಡು, 37 ಡಿಗ್ರಿ ಕಚ್ಚಿನಲ್ಲಿ ಚಿಪ್ಪಿನ ದಪ್ಪ 0.008. ತಲೆಗೂದಲಿನ ಹತ್ತನೇ ಒಂದು ಭಾಗವೂ ಸರಿಯಾಗಿ ಇಲ್ಲ. ಹೊಸ ಕಾರ್ಬೈಡಿನ ಅಂಚು ಅಷ್ಟನ್ನು ಹೇಗೋ ಹೆರೆದೀತು. ಸ್ವಲ್ಪ ಸವೆದ ಅಂಚು ಅದರ ಮೇಲೆ ಜಾರಿಕೊಂಡು ಹೋಗುತ್ತೆ.

ಇದನ್ನು ಪತ್ತೆಹಚ್ಚಲು ಯಾವ ಉಪಕರಣವೂ ಬೇಡ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸ್ಪಿಂಡಲ್ ಆಫ್ ಮಾಡಿ, ಕಟರ್ ಬಿಚ್ಚಿಟ್ಟು, ಗಾಳಿಯಲ್ಲಿ ಬರೀ ನೂರು ಸುತ್ತು ಓಡಿಸು. 1 ಮಿ.ಮೀ. ತ್ರಿಜ್ಯದ ಒಂದು ಸುತ್ತಿನ ಉದ್ದ 6.28 ಮಿ.ಮೀ. ನೂರು ಸುತ್ತಿಗೆ 628. 625 ಫೀಡ್ ನಿಜವಾಗಿದ್ದರೆ ಒಂದು ನಿಮಿಷಕ್ಕೆ ಮುಗಿಯಬೇಕು. ಎರಡು ನಿಮಿಷ ಹಿಡಿದರೆ ನಿನಗೆ ಸಿಗುತ್ತಿರುವುದು ಅರ್ಧ ಫೀಡು, ಪರದೆಯ ಮೇಲೆ ಏನೇ ಬರೆದಿರಲಿ. ಹೀಗೆ ಗೊತ್ತಾದ ನಿಜವಾದ ಫೀಡಿಗೆ ತಕ್ಕಂತೆ ಆರ್‌ಪಿಎಂ ಇಳಿಸು. ಆಗ ಚಿಪ್ಪಿನ ದಪ್ಪ ವಾಪಸು ಬರುತ್ತೆ. ಆದರೆ ಅಲ್ಲೂ ಒಂದು ಮಿತಿ ಇದೆ. ಮಕೀಟಾದ ಆರ್‌ಟಿ0700ಸಿ ಥರದ ಟ್ರಿಮ್ ರೌಟರ್ 10,000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವಿಎಫ್‌ಡಿ ಇರುವ ಸ್ಪಿಂಡಲ್ ಇಳಿಯುತ್ತೆ, ಜೊತೆಗೇ ಅದರ ಶಕ್ತಿಯೂ ಇಳಿಯುತ್ತೆ.

ಇಲ್ಲವೇ ಜಿಆರ್‌ಬಿಎಲ್‌ನ $120, $121 ಸೆಟ್ಟಿಂಗುಗಳಲ್ಲಿ ಎಕ್ಸ್, ವೈ ಆಕ್ಸಿಲರೇಷನ್ ಏರಿಸು. ಒಂದೇ ಸಲ ಸಾವಿರಕ್ಕೆ ಹಾರಬೇಡ. 100, 150, 200 ಹೀಗೆ ಏರಿಸುತ್ತಾ, ಪ್ರತಿ ಸಲ ಅದೇ ನೂರು ಸುತ್ತು ಓಡಿಸಿ, ಕೊನೆಗೆ ಮಷೀನು ಹೊರಟ ಜಾಗಕ್ಕೇ ಬಂದು ನಿಂತಿತಾ ನೋಡು. ಡಯಲ್ ಇಂಡಿಕೇಟರ್ ಮುಟ್ಟಿಸಿ ನೋಡಿದರೆ ಒಳ್ಳೆಯದು. ಸ್ಟೆಪ್ ತಪ್ಪಿದರೆ ಸ್ಟೆಪ್ಪರ್ ಮೋಟರ್ ಹೇಳುವುದಿಲ್ಲ, ತಪ್ಪಿದ ಜಾಗದಿಂದಲೇ ನಿಷ್ಠೆಯಿಂದ ಕೆಲಸ ಮುಂದುವರಿಸುತ್ತೆ. ಕಟಿಂಗ್ ಭಾರ ಬಿದ್ದಾಗಲೂ ತಪ್ಪಬಾರದಲ್ಲ, ಅದಕ್ಕೆ ಗಾಳಿಯಲ್ಲಿ ತಪ್ಪಿದ ಅಂಕಿಯ ಅರ್ಧಕ್ಕೆ ಇಳಿಸಿ ಇಟ್ಟುಕೋ.

ಇನ್ನು ಆ 'ಎರಡು ಪಟ್ಟು ಫಾಸ್ಟ್' ವಿಚಾರ. 6 ಮಿ.ಮೀ. ದಪ್ಪದ ಪ್ಲೇಟಿನಲ್ಲಿ 100 ಮಿ.ಮೀ. ಉದ್ದದ ಸ್ಲಾಟು. 0.15ರಂತೆ ಸರಿದರೆ ಸುಮಾರು 667 ಸುತ್ತು, ಒಂದಕ್ಕೆ 0.6 ಸೆಕೆಂಡು, ಒಟ್ಟು ಆರೂಮುಕ್ಕಾಲು ನಿಮಿಷ. ಅದೂ ಪೂರ್ತಿ ಆಳ ಒಂದೇ ಸಲಕ್ಕೆ ಇಳಿಸಿದರೆ. ಅದೇ ಸ್ಲಾಟನ್ನು 6 ಮಿ.ಮೀ. ಕಟರ್‌ನಿಂದ ಹಳೇ ಪದ್ಧತಿಯಲ್ಲಿ, ಒಂದು ಪಾಸಿಗೆ 0.3 ಮಿ.ಮೀ. ಆಳದಂತೆ, 500 ಫೀಡಿನಲ್ಲಿ ಹೊಡೆದರೆ ಇಪ್ಪತ್ತು ಪಾಸು, ನಾಲ್ಕು ನಿಮಿಷ. ಗಡಿಯಾರ ನೋಡಿದರೆ ಹಳೆಯದೇ ಗೆದ್ದಿತು! ಆದರೂ ನಾನು ಟ್ರೊಕಾಯ್ಡಲ್ ಅನ್ನೇ ಹೇಳುತ್ತೇನೆ, ಯಾಕೆಂದರೆ ಆ ಇಪ್ಪತ್ತು ಪಾಸಿನಲ್ಲಿ ಕೊನೆಯ ಆರೇಳು ಪಾಸು ಚಿಪ್ಸ್ ತುಂಬಿದ ಕಂದಕದ ತಳದಲ್ಲಿ ಆಗುವಂಥವು. ನಿನ್ನ ಫೋಟೊದಲ್ಲಿ ಕಟರ್ ಮುರಿದದ್ದೂ ತಳದ ಹತ್ತಿರವೇ. ಇನ್ನೊಂದು ಕಾರಣ, ಇಪ್ಪತ್ತು ಪಾಸಿನಲ್ಲಿ ಸವೆಯುವುದು ತುದಿಯ 0.3 ಮಿ.ಮೀ. ಮಾತ್ರ. ಮೇಲಿನ ಫ್ಲೂಟೆಲ್ಲ ಹೊಸದಾಗಿಯೇ ಉಳಿದು, ತುದಿ ಹೋಯಿತು ಅಂತ ಕಟರ್ ಬಿಸಾಡುತ್ತೀಯ. ಆಳ ಇಳಿಸಿದರೆ ಸವೆತ ಉದ್ದಕ್ಕೂ ಹಂಚಿಹೋಗುತ್ತೆ.

ಹಾಗಂತ ಮೊದಲ ದಿನವೇ 6 ಮಿ.ಮೀ. ಆಳ ಇಳಿಸಬೇಡ. ಸಣ್ಣ ಕಟರ್‌ಗೆ ಹೋದದ್ದಕ್ಕೂ ಒಂದು ಬೆಲೆ ಇದೆ. ಕಟರ್ ಬಾಗುವುದು ಅದರ ಉದ್ದದ ಘನಕ್ಕೆ ಏರುತ್ತೆ, ವ್ಯಾಸದ ನಾಲ್ಕನೇ ಘಾತಕ್ಕೆ ಇಳಿಯುತ್ತೆ. ಅದೇ ಬಲಕ್ಕೆ, ಅದೇ ಉದ್ದಕ್ಕೆ, 4 ಮಿ.ಮೀ. ಕಟರ್ 6ರದ್ದಕ್ಕಿಂತ ಐದು ಪಟ್ಟು ಬಾಗುತ್ತೆ. ಕಾಲೆಟ್ಟಿನಿಂದ ಹೊರಗೆ 20 ಮಿ.ಮೀ. ಇದ್ದದ್ದನ್ನು 25ಕ್ಕೆ ಎಳೆದರೆ ಮತ್ತೆ ಸುಮಾರು ಎರಡು ಪಟ್ಟು. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟೇ ಹೊರಗೆ ಬಿಡು. 3 ಮಿ.ಮೀ. ಆಳದಿಂದ ಶುರುಮಾಡು, ಎರಡು ಹಂತದಲ್ಲಿ ಪ್ಲೇಟ್ ಮುಗಿಯಲಿ. ಶಬ್ದ ಒಂದೇ ಸಮನೆ ಬಂದರೆ ಮುಂದಿನ ಸಲ ಆಳ ಏರಿಸು. ಕಿರುಚಿದರೆ ಮೊದಲು ಹೊರಚಾಚು ನೋಡು, ಆಮೇಲೆ ಆರ್‌ಪಿಎಂ ಇಳಿಸು, ಫೀಡ್ ಇಳಿಸುವುದು ಕಟ್ಟಕಡೆಗೆ.

ಸುತ್ತಿನ ದಿಕ್ಕಿನ ಬಗ್ಗೆ ಒಂದು ಮಾತು. ಮೇಲಿನಿಂದ ನೋಡಿದಾಗ ಸ್ಪಿಂಡಲ್ ಪ್ರದಕ್ಷಿಣೆ ತಿರುಗುತ್ತಿದ್ದರೆ, ಕಟರ್‌ನ ಸುತ್ತು ಅಪ್ರದಕ್ಷಿಣೆ ಇರಬೇಕು. ಜಿ-ಕೋಡಿನಲ್ಲಿ ಅದು ಜಿ3. ಆಗ ಪ್ರತಿ ಹೆರೆತವೂ ಕ್ಲೈಂಬ್ ಆಗುತ್ತೆ, ಚಿಪ್ಪು ದಪ್ಪದಲ್ಲಿ ಶುರುವಾಗಿ ತೆಳುವಲ್ಲಿ ಮುಗಿಯುತ್ತೆ. ಫೈಲ್ ತೆರೆದಾಗ ಜಿ2 ಸಾಲುಗಳೇ ತುಂಬಿದ್ದರೆ ಕ್ಯಾಮ್ ಸಾಫ್ಟ್‌ವೇರಿನಲ್ಲಿ ದಿಕ್ಕು ತಿರುವುಮುರುವಾಗಿದೆ ಅಂತ ತಿಳಿ. ಜಿ2, ಜಿ3 ಎರಡೂ ಇಲ್ಲದೆ ಬರೀ ಪುಟ್ಟ ಪುಟ್ಟ ಜಿ1 ಸಾಲುಗಳಿದ್ದರೆ ಅದು ಬೇರೆ ತೊಂದರೆ. ಒಂದೊಂದು ಸುತ್ತಿಗೂ ಹತ್ತಾರು ಸಾಲು ಯುಎಸ್‌ಬಿ ಕೇಬಲ್ಲಿನಲ್ಲಿ ಹೋಗಬೇಕು. ಜಿಆರ್‌ಬಿಎಲ್ ಒಂದು ಹೊತ್ತಿಗೆ ಮುಂದಿನ ಹದಿನೈದು ಹದಿನಾರು ಚಲನೆಗಳನ್ನಷ್ಟೇ ಇಟ್ಟುಕೊಳ್ಳಬಲ್ಲುದು. ಸಾಲು ಬರುವುದು ತಡವಾದರೆ ಮಷೀನು ತಡವರಿಸುತ್ತೆ, ತಡವರಿಸಿದ ಕಡೆಯೆಲ್ಲ ಕಟರ್ ನಿಂತು ಉಜ್ಜುತ್ತೆ. ಫ್ಯೂಷನ್‌ನಲ್ಲಿ ಸ್ಮೂದಿಂಗ್ ಆನ್ ಮಾಡಿದರೆ ಎಷ್ಟೋ ಸಾಲುಗಳು ಕಮಾನುಗಳಾಗಿ ಕೂಡಿಕೊಳ್ಳುತ್ತವೆ.

ಫ್ಯೂಷನ್ ಅಂದಾಗ ನೆನಪಾಯ್ತು. ಅದರಲ್ಲಿ ಇರುವುದು ಅಡಾಪ್ಟಿವ್ ಕ್ಲಿಯರಿಂಗ್, ಆಟೊಡೆಸ್ಕ್ 2012ರಲ್ಲಿ ಕೊಂಡ ಡೆನ್ಮಾರ್ಕಿನ ಎಚ್‌ಎಸ್‌ಎಂವರ್ಕ್ಸ್‌ನಿಂದ ಬಂದದ್ದು. ಬರೀ ಸುತ್ತು ಹಾಕುವ ಟ್ರೊಕಾಯ್ಡಲ್‌ಗಿಂತ ಇದು ಜಾಣ. ಕಚ್ಚನ್ನು ಆದಷ್ಟು ಒಂದೇ ಮಟ್ಟದಲ್ಲಿ ಇಡಲು ದಾರಿಯನ್ನೇ ಬಗ್ಗಿಸುತ್ತೆ, ಬಾಗಿದ ಗೋಡೆಯ ಆ 57 ಡಿಗ್ರಿ ತಕರಾರನ್ನು ತಾನೇ ನೋಡಿಕೊಳ್ಳುತ್ತೆ. ಅಲ್ಲಿ 'ಆಪ್ಟಿಮಲ್ ಲೋಡ್' ಅನ್ನುವ ಖಾನೆಯಲ್ಲಿ ತಾನಾಗಿ ತುಂಬಿಕೊಂಡು ಬರುವ ಅಂಕಿ ನಿನ್ನ ಮಷೀನಿಗೆ ಭಾರ. 4 ಮಿ.ಮೀ. ಕಟರ್‌ಗೆ 0.3, 0.4 ಕೊಡು. ಪಾಕೆಟ್ಟಿಗೆ ಇದೇ ಸರಿ, ಅಗಲವಾದ ಪಾಕೆಟ್ಟಿನಲ್ಲಿ ಸುತ್ತುಗಳು ದೊಡ್ಡವಾಗುವುದರಿಂದ ಮಷೀನು ಕೇಳಿದ ಫೀಡನ್ನು ನಿಜವಾಗಿ ಮುಟ್ಟುತ್ತೆ. ಆದರೆ ಪುಕ್ಕಟೆ ಪರ್ಸನಲ್ ಲೈಸೆನ್ಸಿನಲ್ಲಿ 2020ರ ಅಕ್ಟೋಬರಿನಿಂದ ರ‍್ಯಾಪಿಡ್ ಚಲನೆ ಇಲ್ಲ, ಖಾಲಿ ಓಟವೂ ಫೀಡಿನ ವೇಗದಲ್ಲೇ ಆಗುತ್ತೆ. ಅಡಾಪ್ಟಿವ್‌ನಲ್ಲಿ ಖಾಲಿ ಓಟವೇ ಬಹಳವಾದ್ದರಿಂದ ಈ ನಿಧಾನ ಇಲ್ಲಿ ಎದ್ದು ಕಾಣುತ್ತೆ. ಎತ್ತಿ ಇಳಿಸುವ ಬದಲು ಕೆಳಗೇ ಇದ್ದು ಹೋಗುವ ಆಯ್ಕೆಯನ್ನು ಹೆಚ್ಚಿಗೆ ಇಟ್ಟುಕೋ. ಫ್ರೀಕ್ಯಾಡ್‌ನಲ್ಲೂ ಅಡಾಪ್ಟಿವ್ ಇದೆ, ಅದಕ್ಕೆ ಇಂಥ ಕಟ್ಟುಪಾಡಿಲ್ಲ. ಬರೀ ಸ್ಲಾಟಿಗೆ ನಿಜವಾದ ಟ್ರೊಕಾಯ್ಡಲ್ ಬೇಕೆಂದರೆ ಎಸ್ಟಲ್‌ಕ್ಯಾಮ್ ಸುಲಭ.

ಎಲ್ಲದಕ್ಕೂ ಇದನ್ನೇ ಹಚ್ಚಬೇಡ. ಪ್ಲೈವುಡ್, ಎಂಡಿಎಫ್‌ಗೆ ಬೇಕಿಲ್ಲ, ನೇರವಾಗಿ ಸ್ಲಾಟ್ ಹೊಡಿ, ಧೂಳು ಎಳೆಯುವ ವ್ಯಾಕ್ಯೂಮ್ ಹಾಕು. ಅಕ್ರಿಲಿಕ್‌ಗಂತೂ ತೆಳು ಚಿಪ್ಪು ಅಂದರೆ ಕರಗಿದ ಅಂಟು. ಅದಕ್ಕೆ ಒಂದೇ ಹಲ್ಲು, ದಪ್ಪ ಚಿಪ್ಪು, ನೇರ ಪಾಸು. ಒಂದೂವರೆ ಮಿ.ಮೀ. ಅಲ್ಯೂಮಿನಿಯಂ ಶೀಟಿಗೂ ಸುತ್ತು ಹಾಕುತ್ತಾ ಕೂರುವುದು ಹೊತ್ತು ಹಾಳು. ಆಳ ಕಟರ್‌ನ ವ್ಯಾಸವನ್ನು ಮುಟ್ಟುವ ಕಡೆ, ಚಿಪ್ಸ್‌ಗೆ ದಾರಿ ಇಲ್ಲದ ಕಡೆ ಮಾತ್ರ ಇದನ್ನು ಬಳಸು.

ಮೊದಲ ಇಳಿತದಲ್ಲೇ ಅರ್ಧ ಜನ ಕಟರ್ ಕಳೆದುಕೊಳ್ಳುತ್ತಾರೆ. ಸುತ್ತು ಶುರುವಾಗುವ ಮೊದಲು ಕಟರ್ ಗಟ್ಟಿ ಲೋಹದೊಳಗೆ ಇಳಿಯಲೇಬೇಕು, ಆಗ ಕಚ್ಚು ಸುತ್ತಲೂ ಇರುತ್ತೆ. ಮೊದಲೇ 5.5 ಮಿ.ಮೀ. ಡ್ರಿಲ್ಲಿನಲ್ಲಿ ಒಂದು ತೂತು ಹಾಕಿ ಅದರೊಳಗೆ ಇಳಿಸು, ಜಗಳವೇ ಇಲ್ಲ. ಆಗದಿದ್ದರೆ ಹೆಲಿಕ್ಸ್ ಆಗಿ, ಅರ್ಧ ಫೀಡಿನಲ್ಲಿ. ಪ್ಲೇಟಿನ ಅಂಚಿಗೆ ತೆರೆದುಕೊಳ್ಳುವ ಸ್ಲಾಟಾದರೆ ಹೊರಗಿನಿಂದಲೇ ಒಳಕ್ಕೆ ಬಾ.

ಸುತ್ತು ಹಾಕುವಾಗ ಎಕ್ಸ್, ವೈ ಎರಡೂ ಪ್ರತಿ ಸುತ್ತಿಗೆ ಎರಡೆರಡು ಸಲ ದಿಕ್ಕು ಬದಲಿಸುತ್ತವೆ. ಸ್ಕ್ರೂವಿನಲ್ಲಿ ಬ್ಯಾಕ್‌ಲ್ಯಾಶ್ ಇದ್ದರೆ ಪ್ರತಿ ಬದಲಾವಣೆಯೂ ಗೋಡೆಯ ಮೇಲೆ ಗುರುತು ಬಿಡುತ್ತೆ. ಅದಕ್ಕೆ ಗೋಡೆಗೆ 0.2 ಮಿ.ಮೀ. ಬಿಟ್ಟು, ಕೊನೆಗೆ ಪೂರ್ತಿ ಆಳಕ್ಕೆ ಒಂದೇ ನೇರ ಫಿನಿಶ್ ಪಾಸ್ ಕೊಡು. ಆ ಪಾಸಿನ ನಂತರ ಅದೇ ದಾರಿಯಲ್ಲಿ ಇನ್ನೊಮ್ಮೆ ಏನನ್ನೂ ಕೊಡದೆ ಓಡಿಸಿದರೆ, ಬಾಗಿದ್ದ ಕಟರ್ ಉಳಿಸಿಹೋದ ಕೊಂಚವೂ ಹೋಗುತ್ತೆ. ಇನ್ನು ಸುಳಿಯ ಫ್ಲೂಟು ಜಾಬನ್ನು ಮೇಲಕ್ಕೆ ಎಳೆಯುತ್ತೆ, ತನ್ನನ್ನು ಕಾಲೆಟ್ಟಿನಿಂದ ಕೆಳಕ್ಕೆ ಎಳೆದುಕೊಳ್ಳುತ್ತೆ. ಆಳ ಹೆಚ್ಚಿದಷ್ಟು ಎಳೆತ ಹೆಚ್ಚು. ಮಾಸ್ಕಿಂಗ್ ಟೇಪಿಗೆ ಫೆವಿಕ್ವಿಕ್ ಹಾಕಿ ಅಂಟಿಸುವ ಉಪಾಯ ತೆಳು ಪಾಸಿಗೆ ಚೆನ್ನ. ಇಂಥ ಆಳಕ್ಕೆ ಟೇಪಿನ ಜೊತೆಗೆ ಎರಡು ಕ್ಲಾಂಪಾದರೂ ಇರಲಿ. ಕಾಲೆಟ್ಟನ್ನೂ ನಟ್ಟನ್ನೂ ಪ್ರತಿ ಸಲ ಒರೆಸು, ಒಂದು ಚೂರು ಚಿಪ್ ಸಿಕ್ಕಿಕೊಂಡರೂ ಹಿಡಿತ ಹೋಗುತ್ತೆ. ತೂತು ಬೀಳುವ ಸ್ಲಾಟಾದರೆ ತಳದಲ್ಲಿ 0.2 ಬಿಟ್ಟು ಆಮೇಲೆ ಬೇರೆಯಾಗಿ ಕತ್ತರಿಸು. ತುಂಡು ಸಡಿಲವಾಗಿ ಉದ್ದ ಫ್ಲೂಟಿಗೆ ಸಿಕ್ಕರೆ ಏನಾಗುತ್ತೆ ಅಂತ ನಿನಗೆ ಹೇಳಬೇಕಿಲ್ಲ.

ಸುತ್ತು ಹಾಕಿ ಜಾಗ ಮಾಡಿಕೊಟ್ಟರೂ ಚಿಪ್ಸ್ ತಾನಾಗಿ ಎದ್ದು ಹೋಗುವುದಿಲ್ಲ. ಒಂದು ಸಣ್ಣ ಕಂಪ್ರೆಸರಿನ ಗಾಳಿ ಕಟರ್‌ನ ಬುಡಕ್ಕೆ ಬೀಳುತ್ತಿರಲಿ. ದ್ರವಕ್ಕಿಂತ ಗಾಳಿಯೇ ಮುಖ್ಯ. ನಮ್ಮ ಕಾಲದಲ್ಲಿ ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಚ್ಚುತ್ತಿದ್ದರು, ಈಗಲೂ ಹಳಬರು ಅದನ್ನೇ ಹೇಳುತ್ತಾರೆ. ನಿಧಾನವಾಗಿ ತಿರುಗುವ ಮಿಲ್ಲಿಂಗ್ ಮಷೀನಿಗೆ ಅದು ಸರಿಯಿತ್ತು. ನಿನ್ನ ಟ್ರಿಮ್ ರೌಟರಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತೆ, ಅದರ ಪಕ್ಕದಲ್ಲಿ ಸೀಮೆಎಣ್ಣೆಯನ್ನಾಗಲಿ ಐಸೊಪ್ರೊಪೈಲ್ ಆಲ್ಕೊಹಾಲನ್ನಾಗಲಿ ಮಂಜಿನಂತೆ ಚಿಮ್ಮಿಸಿದರೆ ಮಷೀನಿಟ್ಟ ಬಾಲ್ಕನಿ ಹೊತ್ತಿಕೊಳ್ಳುತ್ತೆ. ಬಣ್ಣ ಹಚ್ಚುವ ಬ್ರಷ್ಷಿನಲ್ಲಿ ಒಂದು ತೊಟ್ಟು ಕಟಿಂಗ್ ಆಯಿಲ್ ಹಚ್ಚಿದರೆ ಧಾರಾಳವಾಯ್ತು. ಕನ್ನಡಕ ಹಾಕದೆ ಹತ್ತಿರ ಹೋಗಬೇಡ. ಟ್ರೊಕಾಯ್ಡಲ್ ಚಿಪ್ಪು ಸೂಜಿಯ ಹಾಗೆ ಸಣ್ಣಗಿದ್ದು ದೂರ ಹಾರುತ್ತೆ, ಬರಿಗಾಲಿಗೆ ಚುಚ್ಚಿದರೆ ಕಣ್ಣಿಗೂ ಕಾಣದು. ನಿಮ್ಮಮ್ಮ ಅಲ್ಲೇ ಬಟ್ಟೆ ಒಣಹಾಕುವುದು, ನೆನಪಿರಲಿ.

ಕೊನೆಗೆ ಸಾಮಾನು. ನೀನು ಗುಜರಿಯಿಂದ ತಂದ ಪ್ಲೇಟ್ ಯಾವ ಗ್ರೇಡು ಅಂತ ಯಾರಿಗೂ ಗೊತ್ತಿಲ್ಲ. ಮೆತ್ತಗಿನ ಶೀಟಾಗಿದ್ದರೆ ಯಾವ ಟೂಲ್‌ಪಾತ್ ಹಾಕಿದರೂ ಅಂಟುತ್ತೆ. ಅಂಗಡಿಯಲ್ಲಿ ಎಚ್‌ಇ-30 ಅಂತ ಕೇಳು, ಅದು 6082. ಎಚ್‌ಇ-20 ಅಂದರೆ 6061. ಎರಡನ್ನೂ ಚೆನ್ನಾಗಿ ಕತ್ತರಿಸಬಹುದು. ಕಿಟಕಿ ಸೆಕ್ಷನ್ನಿನ ಎಚ್‌ಇ-9 ಇವೆರಡಕ್ಕಿಂತ ಮೆತ್ತಗೆ. ಕಟರ್ ಕೊಳ್ಳುವಾಗ ಕಪ್ಪು-ನೇರಳೆ ಲೇಪನದ್ದು ಕೊಟ್ಟು 'ಇದು ಗಟ್ಟಿ ಸರ್' ಅಂದರೆ ಬೇಡ ಅನ್ನು. ಅದು ಸ್ಟೀಲಿಗೆ, ಆ ಲೇಪನದಲ್ಲೇ ಅಲ್ಯೂಮಿನಿಯಂ ಇದೆ. ನಿನಗೆ ಬೇಕಾದ್ದು ಲೇಪನವಿಲ್ಲದ, ಹೊಳಪು ಕೊಟ್ಟ, ಒಂದೇ ಹಲ್ಲಿನ ಕಾರ್ಬೈಡು. ಒಂದೇ ಹಲ್ಲು ಯಾಕೆಂದರೆ ನಿನ್ನ ಅಗ್ಗದ ಕಾಲೆಟ್ಟಿನಲ್ಲಿ 20 ಮೈಕ್ರಾನ್ ಅಂದರೆ 0.02 ಮಿ.ಮೀ. ರನ್‌ಔಟ್ (ತಿರುಗುವಾಗಿನ ಓಲಾಟ) ಇದ್ದೇ ಇರುತ್ತೆ ಅನ್ನು. ಚಿಪ್ಪಿನ ದಪ್ಪವೇ 0.025 ಆದಾಗ ಎರಡು ಹಲ್ಲಿನ ಕಟರ್‌ನಲ್ಲಿ ಒಂದು ಹಲ್ಲು ಎಲ್ಲ ಕೆಲಸ ಮಾಡುತ್ತೆ, ಇನ್ನೊಂದು ಸುಮ್ಮನೆ ಸವರಿಕೊಂಡು ಹೋಗುತ್ತೆ.

ಆ ರನ್‌ಔಟ್ ನಿಜಕ್ಕೂ ಎಷ್ಟಿದೆ ಅಂತ ಊಹಿಸುತ್ತಾ ಕೂರುವುದು ಬೇಡ. ಭಾನುವಾರ ನನ್ನ ಡಯಲ್ ತಗೊಂಡು ಬರುತ್ತೇನೆ. ಅಷ್ಟರಲ್ಲಿ ಆ ನೂರು ಸುತ್ತಿನ ಟೈಮ್ ತೆಗೆದು ಬರೆದಿಟ್ಟಿರು. ನಿಮ್ಮಮ್ಮನಿಗೆ ಕಾಫಿಗೆ ಡಿಕಾಕ್ಷನ್ ಗಟ್ಟಿ ಇಳಿಸಲು ಹೇಳು.